ಅಂಗೈಗೆ ಗೊತ್ತಾಗುವ ಪೆಟ್ಟು

ಅಲ್ಲ ಸಿಸ್ಟರ್. ಗೇಟು ತಾಗಿದ್ದಲ್ಲ ಇದು.

ನೀವು ಗೇಟು ಅಂತೀರಿ. ಸರಿ. ಗೇಟು ತಾಗಿದ್ರೆ ಉದ್ದಕ್ಕೆ ಗೀರು ಬೀಳುತ್ತೆ. ಇದು ನೋಡಿ, ಬೋಗುಣಿ ಥರ ಒಳಗೆ ಹೋಗಿದೆ. ಕಂಬ ಇದು. ಕಾರು ತಿರುಗಿಸೋವಾಗ ನೀವೇ ಕಂಬಕ್ಕೆ ಕೊಟ್ಟಿದ್ದೀರಿ... ಯಾಕೆ ನಗ್ತೀರಿ? ನಿಜ ತಾನೆ?

ನಗಿ, ನಗಿ. ಎಲ್ಲರೂ ಹಾಗೇ. ಇಪ್ಪತ್ತಾರು ವರ್ಷದಿಂದ ಈ ಗ್ಯಾರೇಜಲ್ಲಿ ತಗಡು ಬಡೀತಿದ್ದೀನಿ. ಒಬ್ಬರಾದ್ರೂ ಬಂದು ನಾನೇ ಗುದ್ದಿದೆ ಅಂದಿಲ್ಲ. ನಿಲ್ಲಿಸಿದ್ದೆ, ಯಾರೋ ಗುದ್ದಿ ಹೋದ್ರು ಅಂತಾರೆ. ಎಲ್ಲರ ಗಾಡಿಗೂ ಅದೇ ಯಾರೋ. ಆ ಯಾರೋ ಅನ್ನೋನು ಸಿಕ್ಕಿದ್ರೆ ಕೂರಿಸಿ ಟೀ ಕುಡಿಸ್ತಿದ್ದೆ. ನಾನು ಉಣ್ಣೋ ಅನ್ನ ಅವನದು.

ಕೈ ಇಡಿ ಇಲ್ಲಿ. ಅಯ್ಯೋ, ಮಸಿ ಆಗಲ್ಲ. ಈ ಬಟ್ಟೆ ಹಾಕಿ, ಅದರ ಮೇಲೆ ಸವರಿ. ಕಣ್ಣು ಮುಚ್ಚಿ. ಕಣ್ಣು ಮೋಸ ಮಾಡುತ್ತೆ. ಬಣ್ಣ ಹೊಳೀತಿದ್ರೆ ಕಣ್ಣಿಗೆ ಎಲ್ಲ ಸರಿ ಕಾಣುತ್ತೆ. ಅಂಗೈಗೆ ಗೊತ್ತಾಗುತ್ತೆ. ನಿಧಾನ... ಹಾಂ, ಅಲ್ಲಿ. ಸಿಕ್ತಾ ಗುಳಿ? ಈಗ ಬಾಗಿಲ ಒಳಗಡೆಯಿಂದ ಕೈ ಹಾಕಿ. ಅಲ್ಲಿ ಉಬ್ಬು. ತಗಡಾಗ್ಲಿ, ಗಾಜಾಗ್ಲಿ, ಪೆಟ್ಟು ಯಾವ ಕಡೆಯಿಂದ ಬಂತೋ ಆ ಕಡೆ ಗುಳಿ, ಇನ್ನೊಂದು ಕಡೆ ಉಬ್ಬು. ಇಷ್ಟೇ ನಮ್ಮ ವಿದ್ಯೆ. ಮಿಕ್ಕಿದ್ದು ಸುತ್ತಿಗೆ.

ಆಮೇಲೆ ಇದು ನೋಡಿ. ಗುಳಿ ಮಧ್ಯ ತುಕ್ಕು. ಇಷ್ಟು ತುಕ್ಕು ಹಿಡಿಯೋಕೆ ಏನಿಲ್ಲ ಅಂದ್ರೂ ಆರು ತಿಂಗಳು ಬೇಕು.

ಆರು ತಿಂಗಳು ಹಾಗೇ ಓಡಿಸಿದ್ದೀರಿ. ಇವತ್ತು ತಂದಿದ್ದೀರಿ. ಇವತ್ತೇ. ನಾಳೆ ಹತ್ತು ಗಂಟೆಗೆ ವಿಚಾರಣೆ ಇಟ್ಕೊಂಡು.

ಈಗ ನಗ್ತಿಲ್ಲ.

ಗೊತ್ತು ಸಿಸ್ಟರ್ ನೀವು ಯಾರು ಅಂತ. ಆವತ್ತು ಬಿಳಿ ಬಟ್ಟೇಲಿದ್ರಿ. ಅವಳ ಕಣ್ಣಿಗೆ ಟಾರ್ಚ್ ಬಿಡೋವಾಗ ತುಟಿ ಕಚ್ಕೊಂಡಿದ್ರಿ. ಈಗಲೂ ಕಚ್ಕೊಂಡಿದ್ದೀರಿ. ನಿಮಗೂ ನಾನು ಗೊತ್ತು. ಗೊತ್ತಿದ್ದೇ ಬಂದ್ರಿ. ಮೂರು ತಿಂಗಳ ಹಿಂದೆ, ಬುಧವಾರ, ಸಂಜೆ ನಾಲ್ಕು ಗಂಟೆ. ತಲೆಗೆ ಪೆಟ್ಟಾಗಿದ್ದ ಹೆಂಗಸು. ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ರಿ. ಶನಿವಾರ ಹೋಗಿಬಿಟ್ಟಳು. ನಾನು ಅವಳ ಗಂಡ.

ಕೂತ್ಕೊಳ್ಳಿ. ಆ ಸ್ಟೂಲು ಬೇಡ, ಕಾಲು ಅಲ್ಲಾಡುತ್ತೆ. ಈ ಸೀಟಲ್ಲಿ ಕೂತ್ಕೊಳ್ಳಿ. ಯಾವುದೋ ಕಾರಿಂದ ಬಿಚ್ಚಿದ್ದು. ನಮ್ಮ ಸೋಫಾ ಇದೇ.

ಬ್ಯಾಗಲ್ಲಿ ಏನಿದೆ? ಫೋನಾ? ತೆಗೀರಿ. ಅಲ್ಲ, ತೆಗೀರಿ... ಮಾತು ರೆಕಾರ್ಡ್ ಆಗ್ತಿದೆಯೋ ಏನೋ ನನಗೇನು ಗೊತ್ತು. ಇಲ್ಲಿ ಬಾನೆಟ್ ಮೇಲೆ ಇಡಿ. ಮಗುಚಿ ಇಡಿ. ಹಾಂ.

ಬೇಜಾರು ಮಾಡ್ಕೋಬೇಡಿ. ನಾನು ಹೀಗಿರ್ಲಿಲ್ಲ. ಈಗ ಯಾರು ಬಾಗಿಲಲ್ಲಿ ನಿಂತ್ರೂ, ಇವರು ಯಾಕೆ ಬಂದ್ರು, ಯಾರು ಕಳಿಸಿದ್ರು ಅನ್ನಿಸುತ್ತೆ. ಹಾಲಿನವನು ಮೊನ್ನೆ ಹೇಗಿದ್ದೀರಿ ಅಂದ. ಯಾಕೆ ಕೇಳ್ದೆ ಅಂದೆ. ಪಾಪ, ಮಾರನೇ ದಿನದಿಂದ ಹಾಲು ಬಾಗಿಲಲ್ಲಿಟ್ಟು ಓಡ್ತಾನೆ.

ಅಲ್ಲೇನು ನೋಡ್ತಿದ್ದೀರಿ? ಆ ಮೂಲೇನಾ? ಗುಜರಿ. ಹಳೇ ಬಾಗಿಲು, ಹಳೇ ಬಂಪರು... ಗೋಣಿಚೀಲದ ಕೆಳಗಾ? ಗಾಜು. ಕಾರಿನ ಮುಂದಿನ ಗಾಜು. ರಸ್ತೇಲಿ ಕಲ್ಲು ಹಾರಿ ಒಡೆದಿದ್ದು. ಬಿಡಿ ಅದನ್ನ. ಈ ಕಡೆ ತಿರುಗಿ ಕೂತ್ಕೊಳ್ಳಿ.

ನಿಮ್ಮ ಮೇಲೆ ಅರ್ಜಿ ಬರೆದದ್ದು ನನ್ನ ಮಗಳು. ನಾನು ಬರೆಯೋನಲ್ಲ. ಅಕ್ಷರ ಕೂಡಿಸ್ತೀನಿ, ಗಾಡಿ ನಂಬರು ಓದ್ತೀನಿ, ಅಷ್ಟೇ. ನಾಲ್ಕು ಪುಟ ಬರೆದಿದ್ದಾಳೆ. ನರ್ಸಿನ ನಿರ್ಲಕ್ಷ್ಯ ಅಂತ ಎರಡು ಕಡೆ ಇದೆ. ಓದಿ ಹೇಳಿದ್ಲು. ನಾಳೆ ನಾನು ವಿಚಾರಣೆ ಮಾಡೋರ ಮುಂದೆ ನಿಂತು ಹೌದು ಅಂದ್ರೆ ನಿಮ್ಮ ಕೆಲಸ ಹೋಗುತ್ತೆ. ಅದಕ್ಕೇ ಬಂದಿದ್ದೀರಿ. ಸುಮ್ನೆ ಕಂಬಕ್ಕೆ, ಗೇಟಿಗೆ ಯಾಕೆ ಹೆಸರು...

ಏನು? ಕೆಲಸ ಹೋದ್ರೆ ಹೋಗ್ಲಿ ಅಂತೀರಾ? ಅದಕ್ಕಲ್ಲ ಬಂದಿದ್ದು ಅಂತೀರಾ? ಮತ್ತೆ ಯಾತಕ್ಕೆ?

ನಿದ್ದೆ ಬರಲ್ಲ ಅಂತ.

ಹೂಂ. ನಿದ್ದೆ. ನನ್ನ ಹತ್ರ ನಿದ್ದೆ ಕೇಳೋಕೆ ಬಂದ್ರಾ ನೀವು? ಚೆನ್ನಾಗಿದೆ.

ಸರಿ, ಒಂದು ಕೇಳ್ತೀನಿ. ನೇರವಾಗಿ ಹೇಳಿ. ಯಾಕೆ ಕಳಿಸಿದ್ರಿ ಅವಳನ್ನ? ದೊಡ್ಡಾಸ್ಪತ್ರೆಗೆ ಬರೆದುಕೊಟ್ಟಿದ್ರೆ ಅಲ್ಲಿ ಮಿಷನ್ನಿನೊಳಗೆ ಮಲಗಿಸ್ತಿದ್ರು. ರಕ್ತ ಕಾಣ್ತಿತ್ತು. ಒಂದು ದಿನ ಮೊದಲು ತಂದಿದ್ರೆ ಅಂದ್ರಲ್ಲ ಆ ದೊಡ್ಡ ಡಾಕ್ಟರು... ಒಂದೇ ಒಂದು ದಿನ.

ಕಣ್ಣು ಸರಿ ಇತ್ತು. ಹೌದು. ಎದ್ದು ನಡೆದ್ರು. ಹೌದು. ಮಾತಾಡಿದ್ರು. ನೋಡಿ, ನೀವೂ ಬಣ್ಣ ನೋಡಿ ಹೇಳ್ತಿದ್ದೀರಿ! ಬಣ್ಣ ಹೊಳೀತಿತ್ತು, ಗಾಡಿ ಸರಿ ಇದೆ ಅಂತ ಕಳಿಸಿಬಿಟ್ರಿ!

ನನಗೆ ಕಲಿಸ್ಬೇಡಿ ಸಿಸ್ಟರ್. ಓದಿಲ್ಲ ನಾನು, ನೋಡಿದ್ದೀನಿ. ಒಂದು ಸಲ ಬಟ್ಟೆ ಅಂಗಡಿಯವರೊಬ್ರು ಬಂದ್ರು. ಗಾಡಿ ಮುಂದುಗಡೆ ಪೂರ್ತಿ ಅಪ್ಪಚ್ಚಿ. ಅವರ ಮೈಮೇಲೆ ಒಂದು ಗೀರಿಲ್ಲ. ತಮ್ಮನ ಜೊತೆ ನಗ್ತಾ ಇಳಿದ್ರು. ಎಷ್ಟು ದಿನ ಆಗುತ್ತೆ ಅಂದ್ರು. ಎಂಟು ದಿನ ಅಂದೆ. ಟೀ ತರಿಸಿದೆ. ಒಂದು ಗುಟುಕು ಕುಡಿದು, ಎಷ್ಟು ದಿನ ಆಗುತ್ತೆ ಅಂದ್ರು. ಎಂಟು ದಿನ ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ. ಐದು ಸಲ ಸಿಸ್ಟರ್. ಪ್ರತಿ ಸಲ ಅದೇ ಮುಖ, ಅದೇ ಮಾತು, ಈಗ ತಾನೆ ಹೊಳೆದ ಹಾಗೆ. ಆಮೇಲೆ ಟೀ ಲೋಟ ಕೈಯಲ್ಲಿ ಹಿಡ್ಕೊಂಡೇ, ನನ್ನ ಟೀ ಎಲ್ಲಿ ಅಂದ್ರು. ತಮ್ಮ ನಕ್ಕ. ನಾನು ನಗ್ಲಿಲ್ಲ. ಗಾಡಿ ಇಲ್ಲೇ ಇರಲಿ, ಮೊದಲು ಇವರನ್ನ ಕರ್ಕೊಂಡು ಹೋಗು ಅಂದೆ. ನೀನೇನು ಡಾಕ್ಟರಾ ಅಂದ. ಅಲ್ಲ, ಆದ್ರೂ ಹೋಗು ಅಂದೆ. ಹೋದ. ಒಳಗೆ ರಕ್ತ ಕಟ್ಟಿತ್ತಂತೆ. ತಲೆ ಕೊರೆದು ತೆಗೆದ್ರು. ಬದುಕಿದ್ದಾರೆ. ಈಗಲೂ ಈ ರಸ್ತೇಲಿ ಹೋದ್ರೆ ಎರಡು ಸಲ ಹಾರ್ನ್ ಹೊಡೀತಾರೆ.

ಅಡಿಯಲ್ಲಿ ಚಾಸಿ, ಅಂದ್ರೆ ಗಾಡಿ ಬೆನ್ನೆಲುಬು, ಬಗ್ಗಿದ್ರೆ ಮೇಲೆ ಎಷ್ಟು ಬಣ್ಣ ಹೊಡೀರಿ, ಓಡಿಸೋವಾಗ ಗಾಡಿ ಒಂದು ಕಡೆ ಎಳೆಯುತ್ತೆ. ಮನುಷ್ಯನೂ ಅಷ್ಟೇ. ಹೇಳಿದ್ದೇ ಹೇಳ್ತಾನೆ. ಸುಮ್ನೆ ಸಿಡುಕ್ತಾನೆ. ಮಲಗಿದ್ರೆ ಏಳಲ್ಲ. ಬೆಳಕು ಬೇಡ ಅಂತಾನೆ. ಅದನ್ನ ನೋಡ್ಬೇಕು. ಗಾಯ ಅಲ್ಲ ನೋಡ್ಬೇಕಾದ್ದು.

ಏನಂದ್ರಿ?

...ಹೌದು. ಗೊತ್ತಿತ್ತು ನನಗೆ. ಈಗ ತಾನೆ ಹೇಳಿದ್ನಲ್ಲ.

ಅವಳಲ್ಲಿ ಯಾಕೆ ನೋಡ್ಲಿಲ್ಲ ಅಂದ್ರೆ... ಅದು ಬೇರೆ ಸಿಸ್ಟರ್. ಅದು ಕಾರು. ಇದು ಬಚ್ಚಲು. ಬಚ್ಚಲಲ್ಲಿ ಜಾರಿದವರೆಲ್ಲ ಸಾಯ್ತಾರಾ? ಸೋಪಿನ ನೀರು, ಜಾರಿದ್ಲು, ತಲೆ ಕಲ್ಲಿಗೆ ತಾಗ್ತು. ಅವಳಿಗೋ ಬೆಲ್ಟ್ ಹಾಕ್ಕೊಳ್ಳೋದು ಅಂದ್ರೆ ಆಗದು, ಕುತ್ತಿಗೆ ಕೊಯ್ಯುತ್ತೆ ಅಂತ...

ಯಾವ ಬೆಲ್ಟಾ? ಸೊಂಟದ್ದು. ಸೊಂಟ ನೋವಿತ್ತು ಅವಳಿಗೆ. ನಿಮ್ಮ ಡಾಕ್ಟರೇ ಬರೆದುಕೊಟ್ಟಿದ್ದು.

ಸೊಂಟದ ಬೆಲ್ಟು ಕುತ್ತಿಗೆ ಯಾಕೆ ಕೊಯ್ಯುತ್ತೆ ಅಂದ್ರೆ... ಬಾಯಿ ತಪ್ಪಿ ಬಂತು. ಅವಳು ಹೋದಮೇಲೆ ನನಗೆ ಮಾತು ನೆಟ್ಟಗೆ ಬರಲ್ಲ. ಒಂದು ಮಾತಿಗೆ ಇನ್ನೊಂದು ಸಿಕ್ಕಾಕಿಕೊಳ್ಳುತ್ತೆ. ನೀವೂ ಕಡಿಮೆ ಅಲ್ಲ ಬಿಡಿ. ಡೆಂಟು ನೋಡೋ ಕೆಲಸಕ್ಕೆ ಬರ್ಬಹುದು ನೀವು.

ನನ್ನ ಕೈ ಯಾಕೆ ನೋಡ್ತೀರಿ?

ಆ ದೊಡ್ಡ ಡಾಕ್ಟರೂ ಹೀಗೇ ನೋಡಿದ್ರು. ಫಿಲ್ಮನ್ನ ಬೆಳಕಿಗೆ ಹಿಡಿದು, ಬರೀ ಜಾರಿ ಬಿದ್ದದ್ದಾ ಅಂದ್ರು. ಹೌದು ಅಂದೆ. ಪೆಟ್ಟು ಜೋರಾಗಿದೆ ಅಂದ್ರು. ಆಮೇಲೆ ಮನೇಲಿ ಯಾರ್ಯಾರಿರ್ತೀರಿ ಅಂದ್ರು. ನಾವಿಬ್ರೇ ಅಂದೆ. ಏನು ಕೆಲಸ ನಿಮ್ಮದು ಅಂದ್ರು. ಸುತ್ತಿಗೆ ಕೆಲಸ ಅಂದೆ. ಆಗ ನೋಡಿದ್ರು ಕೈನ. ಹೀಗೇ. ಈ ಗೆಣ್ಣುಗಳನ್ನ, ಈ ಗಾಯಗಳನ್ನ.

ಓ... ಈಗ ಗೊತ್ತಾಯ್ತು. ಈಗ ಗೊತ್ತಾಯ್ತು ನಿದ್ದೆ ಯಾಕೆ ಬರಲ್ಲ ನಿಮಗೆ! ನಾನು ಹೊಡೆದೆ ಅಂದುಕೊಂಡಿದ್ದೀರಿ ಅಲ್ವಾ? ಹೆಂಡತಿ ತಲೆಗೆ ಹೊಡೆದು, ಬಚ್ಚಲ ಕಥೆ ಕಟ್ಟಿ ಕರ್ಕೊಂಡು ಬಂದ, ನಾನು ಕಂಡುಹಿಡೀಲಿಲ್ಲ ಅಂತ. ಹೇಳಿ. ಹೇಳ್ರೀ!

ತಲೆ ತಗ್ಗಿಸಿದ್ರಿ.

ಹೊಡೆದಿಲ್ಲ ಸಿಸ್ಟರ್. ತಗಡು ಬಿಟ್ಟು ಏನಕ್ಕೂ ಹೊಡೆದಿಲ್ಲ. ಒಂದು ಸಲ, ಮದುವೆಯಾದ ಹೊಸದರಲ್ಲಿ, ಸಿಟ್ಟಿಗೆ ತಟ್ಟೆ ಎಸೆದಿದ್ದೆ. ತಟ್ಟೆ ಅಂಚು ಬಗ್ಗಿತು. ಅವಳು ಏನೂ ಅನ್ಲಿಲ್ಲ. ಮಾರನೇ ದಿನ ಆ ತಟ್ಟೆ ತಂದು ಇಲ್ಲಿ, ಈ ಗಾಡಿಗಳ ಸಾಲಲ್ಲಿ ಇಟ್ಟು, ಸಂಜೆಯೊಳಗೆ ರೆಡಿ ಆಗ್ಬೇಕು, ನಾಳೆ ಬಾ ಅಂದ್ರೆ ಆಗಲ್ಲ ಅಂದ್ಲು. ಇಬ್ಬರು ಗಿರಾಕಿಗಳ ಮುಂದೆ! ನೆಟ್ಟಗೆ ಮಾಡಿಕೊಟ್ಟೆ. ಅದರಲ್ಲೇ ಇವತ್ತೂ ಉಣ್ತೀನಿ. ಅಂಥ ಹೆಂಗಸು ಅವಳು. ಅವಳಿಗೆ ಹೊಡೀತೀನಾ?

ನೀರು ಕುಡಿತೀರಾ? ಮಡಕೇಲಿದೆ. ನಾನೇ ಕೊಡ್ತೀನಿ, ಇರಿ.

ಮಗಳ ವಿಷಯ ಹೇಳ್ತಿದ್ದೆ. ಬಚ್ಚಲಿಗೆ ಹೊಸ ಕಲ್ಲು ಹಾಕ್ಸಿದ್ದು ಅವಳು. ನುಣುಪಿನದು. ಅಮ್ಮ ಒರಟು ಕಲ್ಲೇ ಇರ್ಲಿ ಅಂದಿದ್ಲು, ಇವಳು ಹಟ ಮಾಡಿ ಹಾಕ್ಸಿದ್ಲು. ಈಗ ಏನು ಮಾಡ್ತಾಳೆ ಗೊತ್ತಾ? ಬಂದಾಗೆಲ್ಲ ಮಂಡಿ ಊರಿ ಆ ಕಲ್ಲು ಉಜ್ಜುತ್ತಾಳೆ. ಒಂದು ತೊಟ್ಟು ನೀರು ನಿಲ್ಲೋಕೆ ಬಿಡಲ್ಲ. ಎರಡು ದಿನ ಇದ್ರೆ ಎರಡು ದಿನವೂ. ನಾನೇ ಕೊಂದೆ ಅಪ್ಪ ಅಂತಾಳೆ. ಇಲ್ಲಮ್ಮ ಅಂತೀನಿ. ಮತ್ತೆ ಯಾರು ಅಂತಾಳೆ. ನಾನು ಏನು ಹೇಳ್ಲಿ? ಯಾರೋ ಒಬ್ರು ಬೇಕಲ್ಲ ಸಿಸ್ಟರ್. ಕೊನೆಗೆ, ಆ ನರ್ಸು ಕಳಿಸಬಾರದಿತ್ತು ಅಂದೆ. ಆವತ್ತೇ ಕೂತು ಅರ್ಜಿ ಬರೆದ್ಲು. ಬರೆದಮೇಲೆ ಎರಡು ತುತ್ತು ಜಾಸ್ತಿ ಉಂಡಳು. ನಾನು ನೋಡ್ತಿದ್ದೆ.

ಇರಿ. ನಿಮ್ಮ ಚೀಟಿ ಇದೆ ನನ್ನ ಹತ್ರ. ಆವತ್ತು ಕೊಟ್ಟದ್ದು. ಗಾಡಿ ಕಾಗದಗಳ ಜೊತೆ ಪ್ಲಾಸ್ಟಿಕ್ಕಲ್ಲಿ ಹಾಕಿಟ್ಟಿದ್ದೀನಿ. ತಗೊಳ್ಳಿ. ನಿಮ್ಮ ಅಕ್ಷರ ತಾನೆ? ನನಗೆ ಇದು ಓದೋಕೆ ಬರಲ್ಲ, ಮಗಳಿಗೆ ನಾನು ತೋರಿಸಿಲ್ಲ. ಜೋರಾಗಿ ಓದಿ.

ತಲೆಗೆ ಪೆಟ್ಟು... ಹೂಂ. ಹಣೆಯ ಬಲಗಡೆ ಊತ... ಹೂಂ. ಬಚ್ಚಲಲ್ಲಿ ಜಾರಿ ಬಿದ್ದದ್ದು...

ಏನು? ಇನ್ನೊಂದು ಸಲ ಓದಿ.

"ಗಂಡ ಹೇಳಿದಂತೆ."

ಹಾಗೆ ಬರೆದಿದ್ದೀರಾ? ಅಷ್ಟೂ ಬರೀತೀರಾ ನೀವು? ಗಂಡ ಹೇಳಿದಂತೆ... ಆಮೇಲೆ? ರಾತ್ರಿ ತನಕ ಇರಿಸಿಕೊಳ್ಳಲು ತಿಳಿಸಿದೆ. ಒಪ್ಪಲಿಲ್ಲ. ವಾಂತಿ, ಅತಿ ನಿದ್ದೆ, ಮಾತಿನಲ್ಲಿ ಗೊಂದಲ ಕಂಡರೆ ಕೂಡಲೇ ಕರೆತರಲು ತಿಳಿಸಿದೆ...

ಸಾಕು. ಕೊಡಿ ಇತ್ಲಾಗೆ.

ಕೊಡಿ ಅಂದೆ.

ಬರೆದುಬಿಟ್ರೆ ಆಯ್ತಾ? ನಿಮ್ಮ ತಲೆ ಉಳಿಸ್ಕೊಳ್ಳೋಕೆ ಬರ್ಕೊಂಡಿದ್ದೀರಿ! ಗಂಡ ಹೇಳಿದಂತೆ ಅಂತೆ. ಅವಳೂ ಹೇಳಿದ್ಲು! ಅವಳ ಬಾಯಿಂದಾನೇ ಹೇಳಿದ್ಲು, ನೀವು ಕೇಳಿಸ್ಕೊಂಡ್ರಿ. ಹೇಗೆ ಬಿದ್ರಿ ಅಮ್ಮ ಅಂದ್ರಿ ನೀವು. ಬಚ್ಚಲಲ್ಲಿ ಜಾರಿದೆ, ಸೋಪಿನ ನೀರಿತ್ತು ಅಂದ್ಲು. ಅಂದ್ಲೋ ಇಲ್ವೋ?

ಏನು?

ಮೂರು ಸಲ ಅಂದ್ರು... ಅದೇ ಮಾತು... ನೀವು ವಾರ ಯಾವುದು ಅಂತ ಕೇಳಿದಾಗಲೂ ಅದೇ ಅಂದ್ರು... ಆಗ ನಾನು ಬುಧವಾರ ಅಂದೆ. ಹೂಂ, ಅಂದೆ. ಅವಳಿಗೆ ವಾರ ಯಾವಾಗ ನೆನಪಿರುತ್ತೆ ಅಂತ ನಕ್ಕೆ. ಅವರೇ ಹೇಳ್ಲಿ ಬಿಡಿ ಅಂದ್ರಿ ನೀವು. ನಾನು ಬಿಡ್ಲಿಲ್ಲ. ಎಲ್ಲಾ ನೆನಪಿಟ್ಕೊಂಡಿದ್ದೀರಿ! ದಿನಕ್ಕೆ ನೂರು ಜನ ನೋಡೋರು, ಅಷ್ಟೊಂದು ಹೇಗೆ ನೆನಪಿದೆ ನಿಮಗೆ?

ಎದ್ರಿ ಯಾಕೆ? ಫೋನು ಇಲ್ಲಿದೆ. ಬಾಗಿಲು ಆ ಕಡೆ.

ಸಿಸ್ಟರ್, ಅಲ್ಲಿ ಕಾಲಿಡೋಕೆ ಜಾಗ ಇಲ್ಲ. ತಗಡಿನ ಅಂಚು ಕೊಯ್ಯುತ್ತೆ. ಅದು ಗುಜರಿ ಅಂದ್ನಲ್ಲ... ಗೋಣಿ ಎಳೀಬೇಡಿ. ಬರೀ ಧೂಳು. ಕಲ್ಲು ಬಿದ್ದು ಒಡೆದ ಗಾಜು, ಯಾರೋ ಗಿರಾಕಿದು... ಸಿಸ್ಟರ್!

ಕೈ ಇಡಬೇಡಿ ಅದರ ಮೇಲೆ.

...

ಕಣ್ಣು ಯಾಕೆ ಮುಚ್ಕೊಂಡ್ರಿ? ಬಟ್ಟೆ ಇಲ್ದೆ ಸವರಬಾರದು. ಚೂರು ಹತ್ತುತ್ತೆ ಕೈಗೆ.

...

ನಾನೇ ಹೇಳಿಕೊಟ್ಟೆ. ಹೂಂ. ನಾನೇ ಹೇಳಿಕೊಟ್ಟೆ ನಿಮಗೆ.

ಏನಾದ್ರೂ ಹೇಳಿ. ಗುಳಿ ಇದೆ ಅನ್ನಿ. ಕಲ್ಲು ಬಿದ್ದ ಗಾಜಿಗೆ ಹೊರಗಡೆ ಗುಳಿ ಇರುತ್ತೆ. ಗುಳಿ ಸಿಕ್ತು ಅನ್ನಿ, ನಾಳೆ ನಾನು ಬರೋದೇ ಇಲ್ಲ ವಿಚಾರಣೆಗೆ. ಅರ್ಜಿ ಹರಿದು ಹಾಕ್ತೀನಿ. ನೀವೂ ಮನೆಗೆ ಹೋಗಿ ಮಲಗಿ. ಒಂದು ಮಾತು. ಗುಳಿ ಅನ್ನಿ ಸಾಕು.

...

ಅನ್ನಲ್ಲ ನೀವು.

ಮಾತಾಡ್ರೀ. ಬೈಯಿರಿ ಬೇಕಾದ್ರೆ. ಸುಮ್ನೆ ಕೈಯಿಟ್ಟು ನಿಂತ್ರೆ...

...

ನಿಮ್ಮ ಕೈ ಕೆಳಗೆ ಅರ್ಧ ಚಂದ್ರದ ಹಾಗೆ ಸಣ್ಣ ಗೀರು ಸಿಗುತ್ತೆ ನೋಡಿ. ವೈಪರ್ ಓಡಿದ್ದು. ಅಂದ್ರೆ ಅದು ಹೊರಗಿನ ಮೈ. ಉಬ್ಬು ಅದೇ ಕಡೆ ಇದೆ. ಡ್ರೈವರ್ ಪಕ್ಕದ ಸೀಟಿನ ಎದುರಿಗೆ. ಪೆಟ್ಟು ಒಳಗಿಂದ ಬಿದ್ದಿದೆ.

ಹೂಂ. ಒಳಗಿಂದ.

ಗಿರಾಕಿ ಕಾರು ಸಿಸ್ಟರ್. ಹಳೇದು, ದೊಡ್ಡದು, ಬಂಪರಿಗೆ ಬಣ್ಣ ಹೊಡೆಸೋಕೆ ಬಂದಿತ್ತು. ಮಾಲೀಕರು ಊರಲ್ಲಿರ್ಲಿಲ್ಲ, ಮಾರನೇ ದಿನ ಮಧ್ಯಾಹ್ನ ಬರೋರಿದ್ರು. ಅವಳು ಊಟ ತಂದಿದ್ಲು ನನಗೆ. ಡಬ್ಬಿ ತೊಳೆದು, ಆ ಕಾರಿನ ಸುತ್ತ ಒಂದು ಸುತ್ತು ಬಂದ್ಲು. ರೀ, ಇಪ್ಪತ್ತಾರು ವರ್ಷ ಊರವರ ಗಾಡಿ ಮೈಯೆಲ್ಲ ಸವರಿದ್ದೀರಿ, ನನ್ನನ್ನ ಒಂದಿನ ಯಾವುದರಲ್ಲಾದ್ರೂ ಮುಂದಿನ ಸೀಟಲ್ಲಿ ಕೂರಿಸಿದ್ದೀರಾ ಅಂದ್ಲು. ನಗ್ತಾನೇ ಅಂದದ್ದು. ಅವಳು ಎಲ್ಲಾ ನಗ್ತಾನೇ ಅಂತಿದ್ದದ್ದು.

ಹತ್ತು ಅಂದೆ. ಟ್ರಯಲ್ ನೋಡಿದ ಹಾಗೂ ಆಗುತ್ತೆ ಅಂದೆ.

ಬೆಲ್ಟ್ ಹಾಕ್ಕೋ ಅಂದೆ. ಕುತ್ತಿಗೆ ಕೊಯ್ಯುತ್ತೆ ಅಂದ್ಲು. ಬಿಟ್ಟೆ. ಎಷ್ಟು ದೂರ ಹೋಗ್ತೀವಿ ಅಂತ ಬಿಟ್ಟೆ. ಗೋದಾಮುಗಳ ಹಿಂದಿನ ರಸ್ತೆ. ಗಾಜು ಇಳಿಸಿ ಕೈ ಹೊರಗಿಟ್ಟಿದ್ಲು. ನೋಡ್ರೀ, ಗಾಳಿ ಭಾರ ಇರುತ್ತೆ ಅಂದ್ಲು. ಅವಳ ಕೈ ನೋಡಿದೆ. ಅಷ್ಟೇ, ಕೈ ನೋಡಿದೆ. ನಿಂತಿದ್ದ ಲಾರಿ ಹಿಂಭಾಗ ನೋಡ್ಲಿಲ್ಲ.

ಜೋರೇನಿರ್ಲಿಲ್ಲ. ಬ್ರೇಕ್ ಒತ್ತಿದ್ದೆ. ಬಂಪರು ಎರಡು ಬೆರಳು ಒಳಗೆ. ಗಾಜಿಗೆ ಇದು.

ಸಿಸ್ಟರ್... ನಾನು ಮೊದಲು ಇಳಿದು ಬಂಪರ್ ನೋಡಿದೆ.

ಆಮೇಲೆ ಅವಳನ್ನ.

ಸ್ವಲ್ಪ ಹೊತ್ತು ಮಾತಿರ್ಲಿಲ್ಲ ಅವಳಿಗೆ. ಕಣ್ಣು ಬಿಟ್ಕೊಂಡೇ ಇದ್ಲು. ಕರೆದೆ. ಆಮೇಲೆ ನಕ್ಕಳು. ಏನೂ ಆಗಿಲ್ಲ, ನಿಮ್ಮ ಗಾಡಿಗೆ ಏನಾಯ್ತು ಅಂದ್ಲು. ಬಂಪರು ಎರಡೇ ಬೆರಳು ಹೋಗಿದೆ, ಇವಳಿಗೇನಾಗುತ್ತೆ ಅಂದುಕೊಂಡೆ ನಾನು. ಹಣೆ ಮೇಲೆ ಕೈ ಕೂಡ ಆಡಿಸ್ಲಿಲ್ಲ.

ಆ ಹಲಗೆ ನೋಡಿ. ಮೊಳೆಗಳಿಗೆ ತೂಗಾಕಿರೋ ಕೀಗಳು. ಹನ್ನೊಂದು ಇದೆ ಇವತ್ತು. ನನ್ನ ಹತ್ರ ಇರೋದು ಅಷ್ಟೇ, ಜನ ಕೀ ಬಿಟ್ಟು ಹೋಗ್ತಾರೆ ಅನ್ನೋದು. ಹೆಂಡತಿ ಕೂರಿಸ್ಕೊಂಡು ಗಿರಾಕಿ ಕಾರಲ್ಲಿ ಸುತ್ತಿದ, ಗುದ್ದಿದ ಅಂತ ಒಬ್ಬರಿಗೆ ಗೊತ್ತಾದ್ರೆ ಸಾಕು, ಹಲಗೆ ಖಾಲಿ. ಅದಕ್ಕೆ ಅವಳಿಗೆ ಹೇಳ್ದೆ. ಬಚ್ಚಲಲ್ಲಿ ಜಾರಿದೆ ಅನ್ನು. ಸೋಪಿನ ನೀರಿತ್ತು ಅನ್ನು. ಆಸ್ಪತ್ರೆ ಬಾಗಿಲ ತನಕ ಹೇಳಿಕೊಟ್ಟೆ. ಹೂಂ ಅಂದ್ಲು.

ಎಷ್ಟು ಚೆನ್ನಾಗಿ ಹೇಳಿದ್ಲು ಅವಳು! ಮೂರು ಸಲ! ನಾನು ನಿಮ್ಮ ಹಿಂದೆ ನಿಂತು... ನಗು ತಡ್ಕೊಂಡಿದ್ದೆ ಸಿಸ್ಟರ್. ನಾಟಕಕ್ಕೆ ಸೇರ್ಕೋಬಹುದಿತ್ತು ಇವಳು ಅಂತ.

ಇರಿಸ್ಕೋತೀವಿ ಅಂದ್ರಿ. ಕತ್ತಲಾಗೋದರೊಳಗೆ ಗಾಜು ಕೂರಿಸ್ಬೇಕಿತ್ತು ನಾನು. ಬೇಡ ಅಂದೆ.

ಬಾಡಿಗೆ ಗಾಡೀಲಿ ಮನೆಗೆ ಹೋಗ್ತಾ ಕೇಳಿದ್ಲು, ರೀ, ನಾನು ಯಾವಾಗ ಜಾರಿದೆ ಅಂತ. ಡ್ರೈವರಿಗೆ ಕೇಳಿಸ್ಲಿ ಅಂತ ಹೇಳ್ತಿದ್ದಾಳೆ ಅಂದುಕೊಂಡೆ. ತೊಡೆ ತಟ್ಟಿದೆ, ಸಾಕು ಅಂತ. ಮನೆಗೆ ಹೋದಮೇಲೆ ಬಚ್ಚಲಿಗೆ ಹೋಗಿ ನೆಲ ನೋಡಿದ್ಲು. ಒಣಗಿದೆಯಲ್ಲಾ ಅಂದ್ಲು. ಮಲಗು ಅಂದೆ. ಗ್ಯಾರೇಜಿಗೆ ಬಂದೆ. ಹಳೇ ಗಾಜು ಬಿಚ್ಚಿ ಹೊಸದು ಕೂರಿಸಿದೆ. ಎಂಟು ಗಂಟೆಗೆ ಹೋದೆ, ಮಲಗಿದ್ಲು. ನಿದ್ದೆ ಒಳ್ಳೇದು ಅಂದುಕೊಂಡೆ.

ಬೆಳಿಗ್ಗೆ ಚಪ್ಪಲಿ ಬಲದ್ದು ಎಡಕ್ಕೆ ಹಾಕ್ಕೊಂಡು ಹೊಸ್ತಿಲ ಮೇಲೆ ನಿಂತಿದ್ಲು. ಬೆಳಕು ಚುಚ್ಚುತ್ತೆ ಅಂತ ಕಣ್ಣಿಗೆ ಸೆರಗು ಹಿಡ್ಕೊಂಡಿದ್ಲು. ನಾನು ಬಂಪರಿನ ಅವಸರದಲ್ಲಿದ್ದೆ. ಮತ್ತೆ ಕೇಳಿದ್ಲು. ರೀ, ನಾನು ಎಲ್ಲಿ ಜಾರಿದೆ? ನಾನು ಏನಂದೆ ಗೊತ್ತಾ?

ಇಲ್ಲಿ ಯಾರೂ ಇಲ್ಲ ಕಣೇ, ನಾಟಕ ಸಾಕು ಅಂದೆ.

ಅವಳು ನನ್ನ ಮುಖ ನೋಡಿದ್ಲು. ನಗ್ಲಿಲ್ಲ.

ಬಟ್ಟೆ ಅಂಗಡಿಯವರು ಐದು ಸಲ ಕೇಳಿದ್ರು, ಎರಡನೇ ಸಲಕ್ಕೇ ಅನುಮಾನ ಬಂತು ನನಗೆ. ಅವರಿಗೆ ನಾನು ಏನೂ ಹೇಳಿಕೊಟ್ಟಿರ್ಲಿಲ್ಲ. ಇವಳು... ಅವಳಿಗೆ ಕಾರು ಮರೆತುಹೋಗಿತ್ತು ಸಿಸ್ಟರ್. ಲಾರಿ ಮರೆತುಹೋಗಿತ್ತು. ಗಾಳಿ, ಕೈ, ಮುಂದಿನ ಸೀಟು, ಎಲ್ಲಾ. ಒಳಗೆ ಖಾಲಿ ಆಗಿದ್ದ ಜಾಗದಲ್ಲಿ ನಾನು ಹೇಳಿಕೊಟ್ಟ ಮಾತು ಒಂದೇ ಇತ್ತು. ಅದನ್ನೇ ಹಿಡ್ಕೊಂಡು ತಡಕಾಡ್ತಿದ್ಲು. ನಾನು ನಾಟಕ ಅಂದುಕೊಂಡೆ.

ಮಧ್ಯಾಹ್ನ ಹೋದಾಗ ಎಬ್ಬಿಸಿದ್ರೆ ಏಳ್ಲಿಲ್ಲ. ದೊಡ್ಡಾಸ್ಪತ್ರೇಲೂ ಬಚ್ಚಲು ಅಂತಲೇ ಹೇಳ್ದೆ. ಕಾರು ಅಂದಿದ್ರೆ... ಏನೋ. ಆಗಲೂ ಹೇಳ್ಲಿಲ್ಲ. ಮಗಳು ಬಂದು ನಿಂತಿದ್ಲು ಪಕ್ಕದಲ್ಲಿ.

ಅವಳು ಹೋದ ಮಾರನೇ ವಾರ ಆ ಮಾಲೀಕರು ಕಾರು ತಗೊಳ್ಳೋಕೆ ಬಂದ್ರು. ಗಾಜು ಹೊಸದಾಗಿ ಕಾಣುತ್ತಲ್ಲ, ಚೆನ್ನಾಗಿ ಒರೆಸಿದ್ದೀಯ ಅಂದ್ರು.

...



ಅಳಬೇಡಿ. ಆ ಕೈಯಲ್ಲಿ ಕಣ್ಣು ಒರೆಸ್ಕೋಬೇಡಿ, ಚೂರು ಇರುತ್ತೆ. ತಗೊಳ್ಳಿ ಬಟ್ಟೆ.

ಗುಜರಿಯವನು ಮೂರು ಸಲ ಬಂದ. ಎಲ್ಲಾ ಕೊಟ್ಟೆ, ಇದು ಕೊಡ್ಲಿಲ್ಲ. ಯಾಕೆ ಅಂತ ಕೇಳ್ದ. ಬೈದು ಕಳಿಸಿದೆ.

ನಾಳೆ ಹತ್ತು ಗಂಟೆ ಅಲ್ವಾ? ಮಗಳು ಒಂಬತ್ತಕ್ಕೆ ಬರ್ತಾಳೆ. ಮೊದಲು ಅವಳಿಗೆ ಹೇಳ್ಬೇಕು. ಆ ಕಲ್ಲು ಉಜ್ಜೋದು ಬಿಡ್ತಾಳೆ. ನನ್ನ ಜೊತೆ ಮಾತೂ ಬಿಡ್ತಾಳೆ. ಇರ್ಲಿ... ನನ್ನ ಬಾಯಿಗೆ ಅಲ್ಲಿ ಹೋದಮೇಲೆ ಏನು ಬರುತ್ತೋ ನಂಬೋಕಾಗಲ್ಲ ಸಿಸ್ಟರ್. ನೀವೂ ನಂಬಬೇಡಿ. ಇದನ್ನ ತಗೊಂಡು ಹೋಗಿ. ಮೇಜಿನ ಮೇಲಿಡಿ. ಅವರಿಗೂ ಸವರೋಕೆ ಹೇಳಿ.

ನಿಮ್ಮ ಗಾಡಿ ಹಿಂದಿನ ಸೀಟು ಮಡಚುತ್ತಾ? ಮಡಚಿದ್ರೆ ಹಿಡಿಯುತ್ತೆ. ಡೆಂಟು ಇನ್ನೊಂದಿನ ತೆಗೀತೀನಿ, ಅದು ಎಲ್ಲೂ ಹೋಗಲ್ಲ.

ಹಿಡೀರಿ ಆ ಕಡೆ. ಎರಡೂ ಕೈಯಲ್ಲಿ. ನಿಧಾನ...

ಅಲ್ಲಿ ಬೇಡ, ಬಿರುಕಿನ ಮಧ್ಯ ಮುಟ್ಟಬೇಡಿ. ಅವಳ ಎರಡು ಕೂದಲು ಇದೆ ಅಲ್ಲಿ.